ಬೀದರಿನ ನಾನಕ್ ಝೀರಾ: ಕಥೆ ಯಾವುದು, ಚರಿತ್ರೆ ಯಾವುದು? ಗೊತ್ತಿದ್ದವರು ಹೇಳಿ

ಮಧುಗಿರಿ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಮಧುಗಿರಿ ಕಡೆಯವರು. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಯಾತ್ರೆ ಮಾಡ್ತೀವಿ. ಧರ್ಮಸ್ಥಳ, ಶೃಂಗೇರಿ, ಮಂತ್ರಾಲಯ ಎಲ್ಲ ಆಯ್ತು. ಈ ಸಲ ಬಸವಕಲ್ಯಾಣ ಅಂತ ಎಲ್ಲರೂ ಒಪ್ಪಿದ್ದಾರೆ. ಅಷ್ಟು ದೂರ ಹೋದ ಮೇಲೆ ಬೀದರಿನ ಗುರುದ್ವಾರಕ್ಕೂ ಹೋಗಲೇಬೇಕು ಅನ್ನೋದು ನಮ್ಮತ್ತೆಯ ಆಸೆ. ಅವರ ತಂಗಿ ಹೋಗಿ ಬಂದು, "ಕಲ್ಲಿನ ಸಂದಿಯಿಂದ ನೀರು ಬರ್ತದೆ ಕಣಕ್ಕ, ಗುರುಗಳು ಕಾಲಲ್ಲಿ ಕಲ್ಲು ಸರಿಸಿದ್ರಂತೆ, ನಮ್ಮ ಸಿದ್ಧಗಂಗೆ ಇದ್ದಂಗೇ ಐತೆ" ಅಂತ ಹೇಳಿದ್ದಾರೆ. ಆವತ್ತಿನಿಂದ ಅತ್ತೆಗೆ ಅದೇ ಧ್ಯಾನ.

ಸಂಘದಲ್ಲಿ ಒಬ್ಬರು ಮಾತ್ರ, "ಅದು ಪಂಜಾಬಿನವರದ್ದು, ನಮಗೂ ಅದಕ್ಕೂ ಏನು ಸಂಬಂಧ" ಅಂದರು. "ಬಾಯಾರಿದವರಿಗೆ ನೀರು ಕೊಟ್ಟೋರು ಯಾವ ಸೀಮೆಯವರಾದ್ರೆ ಏನಮ್ಮ" ಅಂದರು ನಮ್ಮತ್ತೆ. ಮಾತು ಅಲ್ಲಿಗೆ ನಿಂತಿತು. ಆದರೆ ಸಂಬಂಧ ಏನು ಅನ್ನೋ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಬಸ್ಸಿನಲ್ಲಿ ಹೋಗುವಾಗ ಸ್ಥಳದ ವಿಚಾರ ಓದಿ ಹೇಳೋದು ನನ್ನ ಪಾಲಿನ ಕೆಲಸ. ಸುಮ್ಮನೆ ಮಹಿಮೆ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಗುರು ನಾನಕರು ನಿಜವಾಗಿಯೂ ಬೀದರಿಗೆ ಬಂದಿದ್ದರಾ? ನಾಂದೇಡಿನ ದೊಡ್ಡ ಗುರುದ್ವಾರಕ್ಕೂ ಇದಕ್ಕೂ ನಂಟು ಇದೆಯಾ? ನಮ್ಮಂಥ ಹಳ್ಳಿ ಹೆಂಗಸರು ಗುಂಪಾಗಿ ಹೋದರೆ ಒಳಗೆ ಬಿಡ್ತಾರಾ, ಊಟಕ್ಕೆ ಮೊದಲೇ ಹೇಳಿಟ್ಟಿರಬೇಕಾ? ಅಲ್ಲಿಗೆ ಹೋಗಿ ಬಂದವರು, ಓದಿದವರು ದಯವಿಟ್ಟು ಬರೀರಿ.


ಶಿರಾ_ಹೈವೇ

ಅಕ್ಕ, ಧೈರ್ಯವಾಗಿ ಹೋಗಿ ಬನ್ನಿ. ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ನಿಮ್ಮನ್ನ ನೀವ್ಯಾರು ಅಂತ ಕೇಳಲ್ಲ.

ನಮ್ಮಪ್ಪ ಶಿರಾ ಹತ್ತಿರ ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದರು. ಪುಣೆ ಕಡೆಯಿಂದ ಬೆಂಗಳೂರಿಗೆ ಹೋಗೋ ಪಂಜಾಬ್ ನಂಬರಿನ ಲಾರಿಗಳಿಗೆ ಇದೇ ದಾರಿ. ಟೈರು ಬಿಚ್ಚಿ ಹಾಕೋ ಹೊತ್ತಲ್ಲಿ ಡ್ರೈವರ್‌ಗಳು ಬೇವಿನ ಮರದ ಕೆಳಗೆ ಕೂತು ಟೀ ಕುಡಿಯೋರು. ಅವರಲ್ಲಿ ವಯಸ್ಸಾದ ಸರ್ದಾರ್ಜಿ ಒಬ್ಬರು ಅಪ್ಪನ್ನ ಕೇಳಿದರಂತೆ, "ನಿಮ್ಮ ರಾಜ್ಯದಲ್ಲೇ ನಮ್ಮ ಬಾಬಾ ತರಿಸಿದ ನೀರಿದೆ, ನೀವು ಇನ್ನೂ ಕುಡಿದಿಲ್ವಾ?" ಅಂತ. ಆ ಮಾತು ಅಪ್ಪನ ಮನಸ್ಸಲ್ಲಿ ಕೂತು, ಮುಂದೆ ನಮ್ಮನ್ನೆಲ್ಲ ಕರಕೊಂಡು ಹೋದರು.

ಊಟಕ್ಕೆ ಮೊದಲೇ ಹೇಳೋದೇನೂ ಬೇಡ. ಲಂಗರ್ ಅಂತಾರೆ. ನೆಲದ ಮೇಲೆ ಸಾಲಾಗಿ ಕೂರಬೇಕು, ಅಷ್ಟೇ. ಲಾರಿ ಕ್ಲೀನರ್ ಪಕ್ಕದಲ್ಲೇ ಕಾರಿನ ಓನರ್ ಕೂತಿರ್ತಾರೆ. ರೊಟ್ಟಿ ಕೊಡುವಾಗ ಎರಡೂ ಕೈ ಚಾಚಿ ತಗೋಬೇಕು, ಒಂದು ಕೈಯಲ್ಲಿ ಎಳ್ಕೋಬಾರದು. ತಲೆ ಮೇಲೆ ಸೆರಗು ಹಾಕ್ಕೊಳ್ಳಿ. ಬೀಡಿ, ತಂಬಾಕು, ಹೊಗೆಸೊಪ್ಪು ಯಾರ ಸಂಚಿಯಲ್ಲಾದರೂ ಇದ್ರೆ ಬಸ್ಸಲ್ಲೇ ಬಿಟ್ಟು ಹೋಗೋಕೆ ಹೇಳಿ, ಆ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಿಮ್ಮ ಗುಂಪಿನ ಅಜ್ಜಿಯರಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪಿನ ಅಭ್ಯಾಸ ಇರ್ತದಲ್ಲ, ಅದಕ್ಕೇ ಹೇಳ್ದೆ.

ಚರಿತ್ರೆ ನನಗೆ ಅಷ್ಟು ಗೊತ್ತಿಲ್ಲ. ಕೊರಟಗೆರೆ ಟೀಚರ್ ಬೀದರಿನಲ್ಲಿ ಕೆಲಸ ಮಾಡಿದವರು, ಅವರು ಬರೆದರೆ ನಾನೂ ಓದ್ತೀನಿ.


ಕೊರಟಗೆರೆ_ಟೀಚರ್

ಶಿರಾದ ತಮ್ಮ ಕರೆದಿದ್ದಾರೆ, ಬರೆಯದೆ ಇರಲಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಕೆಲಸ ಸಿಕ್ಕ ಹೊಸತರಲ್ಲಿ ಬೀದರಿಗೆ ಹಾಕಿದ್ದರು. ಬಾಡಿಗೆ ಮನೆಯಿಂದ ಝೀರಾಕ್ಕೆ ನಡೆದೇ ಹೋಗಬಹುದಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಕೀರ್ತನೆ ಕೇಳುವುದು ರೂಢಿಯಾಗಿಬಿಟ್ಟಿತ್ತು. ಭಾಷೆ ಅರ್ಥವಾಗುತ್ತಿರಲಿಲ್ಲ, ಆದರೂ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಮೊದಲು ಅಲ್ಲಿನವರು ಹೇಳುವ ಕಥೆ. ಗುರು ನಾನಕರು (1469–1539) ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದವರು. ಆ ಸಂಚಾರಗಳಿಗೆ ಉದಾಸಿ ಅಂತ ಹೆಸರು. ಜೊತೆಗಿದ್ದವರು ಮರ್ದಾನಾ, ಮುಸಲ್ಮಾನ ಗಾಯಕ. ಗುರುಗಳು ಹಾಡುವಾಗ ಇವರು ರಬಾಬ್ ಎಂಬ ತಂತಿವಾದ್ಯ ನುಡಿಸುತ್ತಿದ್ದರು. ದಕ್ಷಿಣದ ಉದಾಸಿಯನ್ನು ಸಂಪ್ರದಾಯದಲ್ಲಿ 1510ರಿಂದ 1514ರ ಆಸುಪಾಸಿಗೆ ಇಡುತ್ತಾರೆ. ಓಂಕಾರೇಶ್ವರ, ಬುರ್ಹಾನ್‌ಪುರ, ನಾಂದೇಡ್, ಗೋಲ್ಕೊಂಡ ಹಾದು ಬೀದರಿಗೆ ಬಂದು, ಊರ ಹೊರಗೆ ಫಕೀರರ ಗುಡಿಸಲುಗಳಿದ್ದ ಕಡೆ ಇಳಿದುಕೊಂಡರಂತೆ. ಅಲ್ಲಿದ್ದ ಪೀರ್ ಜಲಾಲುದ್ದೀನ್ ಮತ್ತು ಯಾಕೂಬ್ ಅಲಿ ಇವರ ಹಾಡು ಕೇಳಿ ಮನಸೋತರು. ಸುದ್ದಿ ಊರೊಳಗೆ ಹಬ್ಬಿ ಜನ ಬಂದರು, ಬಂದವರು ತಮ್ಮ ಕಷ್ಟ ಹೇಳಿಕೊಂಡರು: ಬಾವಿ ತೋಡಿದರೆ ನೀರು ಸಿಗುವುದಿಲ್ಲ, ಸಿಕ್ಕರೂ ಸವುಳು, ಬಾಯಿಗೆ ಹಾಕುವ ಹಾಗಿಲ್ಲ. ಗುರುಗಳು "ಸತ್ ಕರ್ತಾರ್" ಎನ್ನುತ್ತ, ಬೆಟ್ಟದ ಬುಡದಲ್ಲಿದ್ದ ಒಂದು ಕಲ್ಲನ್ನು ಸರಿಸಿ, ಮರದ ಪಾದುಕೆಯಿಂದ ಅಲ್ಲಿದ್ದ ಕಲ್ಲುಮಣ್ಣು ತೆಗೆದರು. ತಂಪಾದ ಸಿಹಿನೀರು ಹೊರಬಂತು. ಇಷ್ಟೇ ಕಥೆ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಇದರಲ್ಲಿ ಸೋತವರು ಯಾರೂ ಇಲ್ಲ. ಈಗ ಪಾಕಿಸ್ತಾನದಲ್ಲಿರುವ ಹಸನ್ ಅಬ್ದಾಲ್‌ನ ಪಂಜಾ ಸಾಹಿಬ್ ಕಥೆಯಲ್ಲೂ ನಾನಕರು ನೀರು ತರಿಸುತ್ತಾರೆ. ಅಲ್ಲಿ ಮರ್ದಾನಾನ ಬಾಯಾರಿಕೆಗೆ ಬೆಟ್ಟದ ಮೇಲಿದ್ದ ವಲೀ ಕಂಧಾರಿ ಎಂಬ ಫಕೀರ ನೀರು ಕೊಡಲಿಲ್ಲ, ಗುರುಗಳು ಕೆಳಗೆ ಝರಿ ತೆರೆದಾಗ ಕೋಪದಿಂದ ಬಂಡೆ ಉರುಳಿಸಿದ, ಗುರುಗಳು ಅದನ್ನು ಅಂಗೈಯಿಂದ ತಡೆದರು ಎನ್ನುತ್ತಾರೆ. ಅಂಗೈ ಗುರುತಿನ ಬಂಡೆ ಇಂದಿಗೂ ಅಲ್ಲಿ ಪೂಜ್ಯ. ಅದು ಜಗಳದ ಕಥೆ. ಬೀದರಿನದ್ದರಲ್ಲಿ ಫಕೀರರೇ ಆತಿಥೇಯರು, ಅವರ ಅಂಗಳದಲ್ಲೇ ನೀರು ಹುಟ್ಟಿತು, ಎಲ್ಲರೂ ಕುಡಿದರು. ಬೀದರಿನ ಜನ ತಮ್ಮ ಊರಿಗೆ ಇಂಥ ಕಥೆ ಉಳಿಸಿಕೊಂಡರಲ್ಲ ಎಂದು ನನಗೆ ಅಭಿಮಾನ. ಅದೇ ಊರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಇದೆ. ಆತನನ್ನು ಅಲ್ಲಮಪ್ರಭು ಎಂದು ನಂಬಿ ಜಾತ್ರೆಗೆ ಬರುವ ಲಿಂಗಾಯತರನ್ನು ನಾನು ನೋಡಿದ್ದೇನೆ. ಆ ನೆಲದ ಗುಣ ಹಾಗಿದೆ.

ಇನ್ನು ಕಲ್ಲಿನ ವಿಷಯ, ಇದು ನನ್ನ ಪಾಠದ ವಿಷಯವೂ ಹೌದು. ನಮ್ಮ ಮಧುಗಿರಿ, ಕೊರಟಗೆರೆಯದ್ದು ಗ್ರಾನೈಟ್ ಬಂಡೆ. ನೀರು ಅದರ ಬಿರುಕಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೀದರ್ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದೊಡ್ಡ ದಿಬ್ಬದ ಮೇಲೆ. ಕೆಂಪು ಕಲ್ಲು, ಸೆಟ್ ದೋಸೆಯ ಹಾಗೆ ಮೈಯೆಲ್ಲ ತೂತು. ಮಳೆ ಬಿದ್ದರೆ ನೀರು ಒಳಗಿಳಿಯುತ್ತದೆ. ಅದರ ಕೆಳಗೆ ಜೇಡಿಯಂಥ ಪದರ, ಅದಕ್ಕೂ ಕೆಳಗೆ ದಖ್ಖನ್ನಿನ ಕರಿಕಲ್ಲು. ನೀರಿಗೆ ಅಲ್ಲಿಂದ ಮುಂದೆ ಇಳಿಯಲು ಸುಲಭವಿಲ್ಲ, ಹಾಗಾಗಿ ಅಡ್ಡಡ್ಡ ಹರಿದು ದಿಬ್ಬದ ಅಂಚಿಗೆ ಬರುತ್ತದೆ. ದಿಬ್ಬದ ನೆತ್ತಿಯಲ್ಲಿ ಬಾವಿ ತೋಡುವವನು ಆ ಕಲ್ಲಿನ ಪೂರ್ತಿ ದಪ್ಪ ಕೊರೆಯಬೇಕು. ಅಂಚಿನ ಬುಡದಲ್ಲಿ, ಸರಿಯಾದ ಜಾಗದಲ್ಲಿ, ಮುಚ್ಚಿಕೊಂಡ ಕಲ್ಲುಮಣ್ಣು ಸರಿಸಿದರೆ ಸಾಕು.

ಈಗ ಮತ್ತೊಮ್ಮೆ ಕಥೆ ಓದಿ ನೋಡಿ. ಗುರುಗಳು ಬಾವಿ ತೋಡಿಸಲಿಲ್ಲ, ಬುಡದಲ್ಲಿನ ಕಲ್ಲು ಸರಿಸಿದರು ಎಂದೇ ಹೇಳುತ್ತದೆ. ಇದನ್ನು ಹೇಳಿದವರಿಗೆ ಆ ನೆಲ ಚೆನ್ನಾಗಿ ಗೊತ್ತಿತ್ತು. ಭಕ್ತರು ಪವಾಡ ಎನ್ನಲಿ, ನನಗೆ ತಕರಾರಿಲ್ಲ. ಕಲ್ಲಿನ ವಿಚಾರ ತಿಳಿದ ಮೇಲೆ ನನ್ನ ಭಕ್ತಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಬೀದರಿನ ಸುತ್ತ ಇಂಥ ನೀರು ಇನ್ನೂ ಇದೆ. ಝರಣಿ ನರಸಿಂಹ ಕ್ಷೇತ್ರದಲ್ಲಿ ದೇವರಿರುವುದೇ ಗವಿಯ ಕೊನೆಯಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದರ್ಶನ ಮಾಡಬೇಕು. ಪಾಪನಾಶದ ಶಿವನ ಗುಡಿಯ ಹತ್ತಿರವೂ ಬುಗ್ಗೆ ಇದೆ, ಅಲ್ಲಿ ರಾಮನ ಹೆಸರು ಹೇಳುತ್ತಾರೆ. ಬಹಮನಿಗಳ ಕಾಲದಲ್ಲಿ ಇದೇ ನೀರನ್ನು ಹಿಡಿಯಲು ಪರ್ಷಿಯಾದ ಪದ್ಧತಿಯಲ್ಲಿ ಕರೇಜ್ ಮಾಡಿದರು. ನೆಲದೊಳಗೆ ಉದ್ದಕ್ಕೆ ಸುರಂಗ, ಮೇಲಿನಿಂದ ಸಾಲಾಗಿ ಬಾವಿಯಂಥ ಕಿಂಡಿಗಳು. ನೌಬಾದ್‌ನಲ್ಲಿರುವುದು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಸುಲ್ತಾನ, ಶಿವಭಕ್ತ, ಫಕೀರ, ಗುರು, ಎಲ್ಲರೂ ಅದೇ ದಿಬ್ಬದ ನೀರಿಗೆ ಬಾಯೊಡ್ಡಿದವರು.

ನಿಮ್ಮ ಚಿಕ್ಕತ್ತೆ ಸಿದ್ಧಗಂಗೆಯ ಹಾಗಿದೆ ಎಂದದ್ದು ಬಹಳ ಸರಿ. ಬಾಯಾರಿದ ವೃದ್ಧ ತಪಸ್ವಿಗಾಗಿ ಗೋಸಲ ಸಿದ್ಧೇಶ್ವರರು ಬೆಟ್ಟದ ಬಂಡೆಯಿಂದ ಗಂಗೆ ತರಿಸಿದರು ಎಂಬುದು ನಮ್ಮ ಕ್ಷೇತ್ರದ ಪ್ರತೀತಿ. ದೇವರಾಯನದುರ್ಗದ ದಾರಿಯ ನಾಮದ ಚಿಲುಮೆಯಲ್ಲಿ ರಾಮ ನಾಮ ಕಲಸಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ. ನೀರಿನ ಪಕ್ಕದಲ್ಲೇ ಅನ್ನ ಇರುವುದೂ ಎರಡೂ ಕಡೆ ಒಂದೇ. ಸಿದ್ಧಗಂಗೆಯ ದಾಸೋಹದಲ್ಲಿ ಊಟ ಮಾಡಿದವರಿಗೆ ಲಂಗರ್ ಏನೆಂದು ನಾನು ವಿವರಿಸಬೇಕಾಗಿಲ್ಲ.

ಸಂಬಂಧ ಏನು ಎಂದು ಕೇಳಿದರಲ್ಲ, ಅದಕ್ಕೆ ನನ್ನ ಉತ್ತರ ಝರಿಯಲ್ಲ, ಇಬ್ಬರು ಮನುಷ್ಯರು. ಒಬ್ಬರು ಬೀದರಿನಿಂದ ಪಂಜಾಬಿಗೆ ಹೋದವರು, ಇನ್ನೊಬ್ಬರು ಪಂಜಾಬಿನಿಂದ ಬಂದು ಬೀದರಿನ ಮಣ್ಣಿನಲ್ಲಿ ಕೊನೆಯುಸಿರೆಳೆದವರು.

1699ರ ವೈಶಾಖಿಯ ದಿನ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ಕತ್ತಿ ಹಿರಿದು, ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದು ನಿಂತರು. ಲಾಹೋರಿನ ದಯಾರಾಮ, ಹಸ್ತಿನಾಪುರದ ಧರಮದಾಸ, ಜಗನ್ನಾಥ ಪುರಿಯ ಹಿಮ್ಮತರಾಯ, ದ್ವಾರಕೆಯ ಮೋಹಕಮ ಚಂದ, ಬೀದರಿನ ಸಾಹಿಬ ಚಂದ. ಇವರೇ ಪಂಜ್ ಪ್ಯಾರೇ, ಅಂದರೆ ಗುರುವಿನ ಐವರು ಪ್ರಿಯರು. ಹಿಮ್ಮತರಾಯರು ನೀರು ಹೊರುವ ಕುಲದವರು, ನಮ್ಮ ಬೀದರಿನ ಸಾಹಿಬ ಚಂದರು ಕ್ಷೌರಿಕರು. ಗುರುಗಳು ಕಬ್ಬಿಣದ ಪಾತ್ರೆಯಲ್ಲಿ ನೀರಿಟ್ಟು ಖಡ್ಗದಿಂದ ಕಲಸಿ, ಐವರಿಗೂ ಒಂದೇ ಪಾತ್ರೆಯ ಅಮೃತ ಕೊಟ್ಟರು. ಆಮೇಲೆ ಅವರ ಮುಂದೆ ತಾವೇ ಮಂಡಿಯೂರಿ ಅದೇ ಅಮೃತ ಬೇಡಿದರು. ಸಾಹಿಬ ಚಂದರು ಭಾಯಿ ಸಾಹಿಬ ಸಿಂಗ್ ಆದರು, ಮುಂದೆ ಚಮ್‌ಕೌರ್ ಕಾಳಗದಲ್ಲಿ ಮಡಿದರು. ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಕೂತ ಹಡಪದ ಅಪ್ಪಣ್ಣನವರನ್ನು ನೆನೆದು ಬರುವವರು ನೀವು. ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಬೀದರಿನಲ್ಲಿ ಇವರನ್ನೂ ನೆನೆಯಿರಿ. ಇಂದಿಗೂ ಸಿಖ್ಖರು ದಿನದ ಅರ್ದಾಸ್ ಪ್ರಾರ್ಥನೆಯಲ್ಲಿ ಪಂಜ್ ಪ್ಯಾರೇಯನ್ನು ಸ್ಮರಿಸದೆ ಇರುವುದಿಲ್ಲ.

ಇನ್ನೊಬ್ಬರು ಮಾಯಿ ಭಾಗೋ. ಆನಂದಪುರಕ್ಕೆ ಮುತ್ತಿಗೆ ಬಿದ್ದಾಗ ನಲವತ್ತು ಜನ ಗುರುವನ್ನು ಬಿಟ್ಟು ಊರಿಗೆ ಮರಳಿದ್ದರು. ಈಕೆ ಅವರ ಮುಖಕ್ಕೆ ಮಾತಾಡಿ, ತಾನೇ ಕುದುರೆ ಹತ್ತಿ, ಅವರನ್ನು ರಣರಂಗಕ್ಕೆ ವಾಪಸು ಕರೆತಂದಳು. 1705ರಲ್ಲಿ ಖಿದ್ರಾಣಾ ಎಂಬಲ್ಲಿ ಕಾಳಗ. ಆ ಮರಳುಗಾಡಿನಂಥ ಸೀಮೆಯಲ್ಲಿ ಇದ್ದದ್ದು ಒಂದು ಕೆರೆ, ಅದನ್ನು ಇವರು ಬಿಟ್ಟುಕೊಡಲಿಲ್ಲ, ನೀರು ಸಿಗದೆ ಮೊಗಲ್ ಸೇನೆ ಹಿಂತಿರುಗಿತು ಎನ್ನುತ್ತಾರೆ. ನಲವತ್ತು ಜನರೂ ಮಡಿದರು, ಅವರನ್ನು ಮುಕ್ತರು ಎಂದು ಕರೆಯುತ್ತಾರೆ, ಆ ಊರು ಈಗಿನ ಮುಕ್ತಸರ. ಗಾಯಗೊಂಡು ಉಳಿದ ಮಾಯಿ ಭಾಗೋ ಗಂಡುಡುಗೆಯಲ್ಲಿ ಆಯುಧ ಹಿಡಿದು ಗುರುಗಳ ಕಾವಲಿಗೆ ನಿಂತಳು, ಅವರ ಜೊತೆ ನಾಂದೇಡಿನವರೆಗೆ ಬಂದಳು. 1708ರ ಅಕ್ಟೋಬರ್‌ನಲ್ಲಿ ಗೋದಾವರಿಯ ದಡದಲ್ಲಿ ಗುರುಗಳು ತೀರಿಕೊಂಡರು, ಅದೇ ಈಗಿನ ಹಜೂರ್ ಸಾಹಿಬ್. ಆಮೇಲೆ ಈಕೆ ಇನ್ನೂ ದಕ್ಷಿಣಕ್ಕೆ ಇಳಿದು, ಬೀದರಿನಿಂದ ಹನ್ನೊಂದು ಕಿಲೋಮೀಟರ್ ಆಸುಪಾಸಿನ ಜನವಾಡದಲ್ಲಿ ನೆಲೆಸಿ, ಜಪತಪದಲ್ಲಿ ಬಾಳಿ, ಅಲ್ಲೇ ದೇಹ ಬಿಟ್ಟಳು. ಅಲ್ಲೊಂದು ಗುರುದ್ವಾರ ಇದೆ. ನಾಂದೇಡಿಗೂ ಬೀದರಿಗೂ ಇರುವ ನಂಟು ಎಂದರೆ ಈ ತಾಯಿ ನಡೆದ ದಾರಿ.

ಪಂಜಾಬಿನಿಂದ ಬಂದವರು ಜನವಾಡಕ್ಕೆ ತಪ್ಪದೆ ಹೋಗುತ್ತಾರೆ. ನಮ್ಮ ಕನ್ನಡದವರು ಝೀರಾದ ನೀರು ಕುಡಿದು, ಕೋಟೆ ನೋಡಿ, ಬಿದರಿ ಕೆಲಸದ ಒಂದು ಕುಂಕುಮ ಬಟ್ಟಲು ಕೊಂಡು ಊರಿಗೆ ಹೊರಡುತ್ತಾರೆ. ನನಗೆ ಇದು ಸಂಕಟ. ಹೆಂಗಸರ ಸಂಘವೊಂದು ಅಷ್ಟು ದೂರ ಹೋಗಿ ಮಾಯಿ ಭಾಗೋಳನ್ನು ನೋಡದೆ ಬರಬಾರದು.


ಕೋಲಾರ_ಇತಿಹಾಸ

ಮೇಡಂ, ನಿಮ್ಮ ಬರಹ ಓದಿ ಸಂತೋಷವಾಯಿತು. ಆದರೆ ಕೇಳಿದವರು ಕಥೆ ಯಾವುದು, ಚರಿತ್ರೆ ಯಾವುದು ಅಂತ ಕೇಳಿದ್ದಾರೆ, ಹಾಗಾಗಿ ಒಂದೆರಡು ಗೆರೆ ಎಳೆಯಲೇಬೇಕು. ನಾನು ಇತಿಹಾಸ ಎಂ.ಎ. ಮಾಡುತ್ತಿರುವವನು.

ನಾನಕರ ಸಂಚಾರದ ವಿವರಗಳು ನಮಗೆ ಸಿಗುವುದು ಜನಮ್‌ಸಾಖಿಗಳೆಂಬ ಚರಿತೆಗಳಿಂದ. ಈಗ ಉಳಿದಿರುವ ಪ್ರತಿಗಳು ಬಹುತೇಕ 17ನೇ ಶತಮಾನ ಮತ್ತು ಆಮೇಲಿನವು, ಅಂದರೆ ಗುರುಗಳು ತೀರಿಕೊಂಡು ಎಷ್ಟೋ ಕಾಲದ ನಂತರದವು. ಭಕ್ತರು ಭಕ್ತರಿಗಾಗಿ ಬರೆದದ್ದು. ಊರುಗಳ ಕ್ರಮ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇಲ್ಲ. ಬೀದರಿನ ಕಥೆ ಮುಖ್ಯವಾಗಿ ಸ್ಥಳದ ನಂಬಿಕೆಯ ಬಲದ ಮೇಲೆ ನಿಂತಿದೆ. ಈಗ ಕಾಣುವ ಗುರುದ್ವಾರದ ಕಟ್ಟಡ 1948ರದ್ದು. ಬಸ್ಸಿನಲ್ಲಿ "ಐನೂರು ವರ್ಷದ ಕಟ್ಟಡ" ಅಂತ ದಯವಿಟ್ಟು ಹೇಳಬೇಡಿ.

ಎರಡನೆಯದು, ಸಂತರು ಕಲ್ಲಿಂದ ನೀರು ತರಿಸುವ ಕಥೆ ಎಲ್ಲ ಸೀಮೆಯಲ್ಲೂ ಇದೆ, ನೀವೇ ಎರಡು ಹೇಳಿದಿರಿ. ನಮ್ಮ ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬರುತ್ತದೆ, ಅದು ಕಾಶಿಯ ಗಂಗೆಯೇ ಅಂತ ನಮ್ಮಜ್ಜಿ ನಂಬಿದ್ದರು. ಒಂದೇ ಅಚ್ಚಿನ ಕಥೆ ಇಷ್ಟು ಕಡೆ ಇದ್ದಾಗ ಅದನ್ನು ನಡೆದ ಘಟನೆ ಎಂದು ಎಣಿಸುವುದು ಹೇಗೆ? ಅಗೌರವಕ್ಕೆ ಹೇಳುತ್ತಿಲ್ಲ. ಇತಿಹಾಸ ಓದುವವನಾಗಿ ಇದನ್ನು ಕೇಳಲೇಬೇಕು.


ಕೊರಟಗೆರೆ_ಟೀಚರ್

ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಜನಮ್‌ಸಾಖಿಗಳ ವಿಷಯ, ಕಟ್ಟಡದ ವಿಷಯ ಎರಡೂ ಸರಿ. ಮಧುಗಿರಿಯವರೇ, ಇದನ್ನು ಬರೆದಿಟ್ಟುಕೊಳ್ಳಿ: ಝರಿ ಹಳೆಯದು, ನಂಬಿಕೆ ಹಳೆಯದು, ಕಟ್ಟಡ 1948ರದ್ದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಜಾಮನ ರಾಜ್ಯ ಭಾರತಕ್ಕೆ ಸೇರಿತು, ಆಗ ಬೀದರ್ ಇದ್ದದ್ದು ಆ ರಾಜ್ಯದಲ್ಲೇ. ನಾಂದೇಡಿನ ಹಜೂರ್ ಸಾಹಿಬ್ ಇದಕ್ಕಿಂತ ಹಳೆಯ ಕಟ್ಟಡ, ಮಹಾರಾಜ ರಣಜಿತ್ ಸಿಂಗ್ 1832ರಿಂದ 1837ರ ನಡುವೆ ಕಟ್ಟಿಸಿದ್ದು. ಅದು ಸಿಖ್ಖರ ಐದು ತಖ್ತ್‌ಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ ಒಂದು.

ಆದರೆ "ಬಂದಿದ್ದರಾ" ಎಂಬ ಪ್ರಶ್ನೆಗೆ ಜನಮ್‌ಸಾಖಿ ಬದಿಗಿಟ್ಟೂ ಯೋಚಿಸಲು ದಾರಿಗಳಿವೆ. ದಖ್ಖನ್‌ಗೂ ಪಂಜಾಬಿಗೂ ನಡುವೆ ಸಂತರ ಓಡಾಟ ನಾನಕರಿಗಿಂತ ಮುಂಚಿನದು. ಪಂಢರಪುರದ ವಿಠ್ಠಲನ ಭಕ್ತ ನಾಮದೇವರ ಅರವತ್ತರಷ್ಟು ಪದಗಳು ಸಿಖ್ಖರ ಆದಿಗ್ರಂಥದಲ್ಲಿವೆ. 1604ರಲ್ಲಿ ಐದನೇ ಗುರು ಅರ್ಜನ ದೇವರು ಆ ಗ್ರಂಥ ಸಂಕಲಿಸಿದಾಗ ಮರಾಠಿ ಸೀಮೆಯ ಸಂತನ ಹಾಡು ಪಂಜಾಬಿನಲ್ಲಿ ಅಷ್ಟು ಆಳವಾಗಿ ಬೇರೂರಿತ್ತು. ಹಾಡು ಅಷ್ಟು ದೂರ ಹೋಗಬಲ್ಲ ದಾರಿಯಲ್ಲಿ ಇಬ್ಬರು ಮನುಷ್ಯರು ಈ ಕಡೆಗೆ ನಡೆದು ಬಂದಿರಬಾರದೇಕೆ? ಬೀದರ್ ಆಗ ಮೂಲೆಯ ಊರೂ ಅಲ್ಲ. ಬಹಮನಿಗಳ ರಾಜಧಾನಿ, ಅವರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದ್ದ ಊರು, ಪರ್ಷಿಯಾದ ಪಂಡಿತರು ಬಂದು ನೆಲೆಸಿದ ಊರು. 1510ರ ಹೊತ್ತಿಗೆ ಮಹಮೂದ್ ಷಾ ಹೆಸರಿಗೆ ಸುಲ್ತಾನ, ಅಧಿಕಾರವೆಲ್ಲ ಅಮೀರ್ ಬರೀದನ ಕೈಯಲ್ಲಿ. ರಾಜ್ಯ ಒಡೆದು ಚೂರಾಗುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಜನ ಅರಮನೆಯ ಕಡೆ ನೋಡುವುದು ಬಿಟ್ಟು ಊರಾಚೆಯ ಫಕೀರರ ಗುಡಿಸಲಿಗೆ ಹೋಗಿ ನೀರಿನ ಕಷ್ಟ ಹೇಳಿಕೊಂಡರು ಎನ್ನುವುದು ನನಗಂತೂ ಸಹಜವಾಗಿ ಕಾಣುತ್ತದೆ. ಇದು ಸಾಕ್ಷಿಯಲ್ಲ, ನನ್ನ ಊಹೆ.

ಒಂದೇ ಅಚ್ಚಿನ ಕಥೆ ಎಂದಿರಿ. ನಿಮ್ಮ ಅಂತರಗಂಗೆಯ ನೀರನ್ನು ಯಾರೂ ಕಥೆಯಿಂದ ಹುಟ್ಟಿಸಲಿಲ್ಲ, ನೀರು ಮೊದಲೇ ಇತ್ತು. ಒಣ ಸೀಮೆಯ ಜನ ತಮಗೆ ಸಿಕ್ಕ ನೀರನ್ನು ತಾವು ಅತ್ಯಂತ ಗೌರವಿಸುವವರ ಹೆಸರಿಗೆ ಬರೆದರು. ಸಿದ್ಧಗಂಗೆಯಲ್ಲಿ ಗೋಸಲ ಸಿದ್ಧೇಶ್ವರರ ಹೆಸರಿಗೆ, ಚಿಲುಮೆಯಲ್ಲಿ ರಾಮನ ಹೆಸರಿಗೆ, ಬೀದರಿನಲ್ಲಿ ನಾನಕರ ಹೆಸರಿಗೆ. ಯಾರ ಹೆಸರಿಗೆ ಬರೆದರು ಎನ್ನುವುದೂ ಚರಿತ್ರೆಯೇ ಅಲ್ಲವೇ? ನಾನಕರು ತಮ್ಮ ಪದಗಳಲ್ಲಿ ತಮ್ಮ ಪವಾಡ ಹೇಳಿಕೊಂಡವರಲ್ಲ. ಬಾಬರನ ದಾಳಿಯಲ್ಲಿ ಜನ ಪಟ್ಟ ಪಾಡನ್ನು ಕಂಡು, ಹೆಂಗಸರ ಗೋಳು ಕಂಡು, ಇಷ್ಟು ಹೊಡೆತ ಬಿದ್ದರೂ ನಿನಗೆ ನೋವಾಗಲಿಲ್ಲವೇ ಎಂದು ದೇವರನ್ನೇ ಕೇಳಿದವರು. ಅಂಥವರ ಹೆಸರಿಗೆ ಒಂದು ಊರು ತನ್ನ ಕುಡಿಯುವ ನೀರನ್ನು ಬರೆದುಕೊಟ್ಟಿದೆ.

ಬೀದರಿನ ಕಥೆ ಹೇಳುವಾಗ ಒಂದು ನೋವಿನ ಮಾತನ್ನೂ ಬಿಡಬಾರದು. 1988ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನಲ್ಲಿ ಓದಲು ಬಂದಿದ್ದ ಸಿಖ್ ಹುಡುಗರ ಮೇಲೆ ಗುಂಪುಗಳು ಬಿದ್ದವು, ಜೀವಗಳು ಹೋದವು. ಫಕೀರರ ಅಂಗಳದ ಝರಿಯ ಊರಿನಲ್ಲಿ ಹೀಗಾಯಿತು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಆ ಮಕ್ಕಳನ್ನು ನೆನೆದೇ ನಾನು ಅಲ್ಲಿ ತಲೆಬಾಗುತ್ತೇನೆ. ಅದಾದ ಮೇಲೂ ಲಂಗರಿನಲ್ಲಿ ಬೀದರಿನವರಿಗೆಲ್ಲ ಊಟ ಬಡಿಸುತ್ತಲೇ ಇದ್ದಾರೆ.


ಗೌರಿಬಿದನೂರು_ರೈತ

ಟೀಚರ್, ನಮಸ್ಕಾರ. ಕಲ್ಲಿನ ವಿಚಾರ ಓದಿ ನನ್ನದೊಂದು ಪ್ರಶ್ನೆ. ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸಿದರೂ ನೀರಿಲ್ಲ, ಬಂದರೂ ಫ್ಲೋರೈಡು, ಮಕ್ಕಳ ಹಲ್ಲೆಲ್ಲ ಕಂದು. ಝೀರಾದ ನೀರು ಈಗಲೂ ಕುಡಿಯೋ ಹಾಗಿದೆಯಾ? ಊರು ಬೆಳೆದ ಮೇಲೆ ಅದಕ್ಕೆ ಕೊಳಚೆ ಸೇರಲ್ವಾ?


ಕೊರಟಗೆರೆ_ಟೀಚರ್

ಒಳ್ಳೆಯ ಪ್ರಶ್ನೆ ಅಣ್ಣ. ಯಾತ್ರಿಕರು ಅಮೃತವೆಂದು ಕುಡಿಯುತ್ತಾರೆ, ನಾನೂ ಕುಡಿದಿದ್ದೇನೆ. ಆದರೆ ತೂತು ಕಲ್ಲಿನ ಗುಣವೇ ಅದರ ಅಪಾಯ. ಮಳೆನೀರು ಎಷ್ಟು ಸಲೀಸಾಗಿ ಇಳಿಯುತ್ತದೋ ಶೌಚಗುಂಡಿಯ ನೀರೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ದಿಬ್ಬದ ಮೇಲೆ ಬಡಾವಣೆ ಹೆಚ್ಚಿದಷ್ಟೂ, ಕಾಂಕ್ರೀಟು ಹಾಸಿದಷ್ಟೂ ಕೆಳಗಿನ ಬುಗ್ಗೆಗಳಿಗೆ ನೀರೂ ಕಡಿಮೆ, ಹೊಲಸೂ ಹೆಚ್ಚು. ಕರೇಜ್‌ಗಳ ಕಿಂಡಿಗಳನ್ನು ಜನ ಕಸದ ಗುಂಡಿ ಮಾಡಿಕೊಂಡಿದ್ದರು, ಈಚೆಗೆ ನೌಬಾದಿನದನ್ನು ಹೂಳೆತ್ತಿ ಸರಿಪಡಿಸುವ ಕೆಲಸ ನಡೆಯಿತು. ನಮ್ಮ ಕಡೆ ಜಯಮಂಗಲಿ ಹುಟ್ಟುವ ದೇವರಾಯನದುರ್ಗದ ಕಾಡಿಗೆ ಏನಾಗುತ್ತಿದೆ ಎಂದು ನೋಡಿದರೂ ಇದೇ ಮಾತು. ಗುರುಗಳು ಸರಿಸಿದ ಕಲ್ಲನ್ನು ಪೂಜಿಸುವವರ ಕಣ್ಣು ಆ ಕಲ್ಲಿಗೆ ನೀರು ಕೊಡುವ ಇಡೀ ದಿಬ್ಬದ ಮೇಲೂ ಇರಬೇಕು ಎಂದು ನಾನು ಅಲ್ಲಿನ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.


ಮಧುಗಿರಿ_ಸೊಸೆ

ಟೀಚರ್, ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಮಾಯಿ ಭಾಗೋ ವಿಷಯ ಕೇಳಿ "ಅಯ್ಯೋ, ನಮ್ಮ ಒನಕೆ ಓಬವ್ವನಂಗೆ" ಅಂತ ಕಣ್ಣೀರು ತಂದ್ಕೊಂಡ್ರು. ತಕರಾರು ತೆಗೆದಿದ್ದ ಹೆಂಗಸೇ ಈಗ ಜನವಾಡಕ್ಕೆ ಮೊದಲು ಹೋಗೋಣ ಅಂತಿದ್ದಾರೆ. ಕೋಲಾರದ ತಮ್ಮ, ನಿಮ್ಮ ಮಾತೂ ಬರೆದಿಟ್ಟುಕೊಂಡಿದ್ದೀನಿ, ಕಟ್ಟಡದ ವರ್ಷ ಸರಿಯಾಗಿಯೇ ಹೇಳ್ತೀನಿ. ಒಂದೇ ಚಿಂತೆ, ಅತ್ತೆಗೆ ಮಂಡಿ ನೋವು, ನೆಲದ ಮೇಲೆ ಕೂರೋಕೆ ಆಗಲ್ಲ. ಮತ್ತೆ ಅಲ್ಲಿ ಏನು ಕಾಣಿಕೆ ಕೊಡಬೇಕು, ಕಾಯಿ ಹಣ್ಣು ತಗೊಂಡು ಹೋಗೋದಾ?


ಕೊರಟಗೆರೆ_ಟೀಚರ್

ಅವರ ಚಿಂತೆ ಬಿಡಿ. ಕೂರಲಾಗದವರಿಗೆ ಬೇರೆ ಕಡೆ ಕೂರುವ ಏರ್ಪಾಟು ಮಾಡಿಕೊಡಿ ಎಂದು ಅಲ್ಲಿನ ಸೇವಾದಾರರನ್ನು ಕೇಳಿ, ವಯಸ್ಸಾದವರನ್ನು ಅವರು ಕೈಹಿಡಿದು ನೋಡಿಕೊಳ್ಳುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಒಳಗೆ ಮೂರ್ತಿ ಇರುವುದಿಲ್ಲ, ಗುರು ಗ್ರಂಥ ಸಾಹಿಬ್ ಇರುತ್ತದೆ, ಅದಕ್ಕೇ ಗುರುವಿನ ಗೌರವ. ಕಾಯಿ ಒಡೆಯುವುದು, ಮಂಗಳಾರತಿ ತಟ್ಟೆ ಇವೆಲ್ಲ ಇಲ್ಲ. ನಮಸ್ಕಾರ ಮಾಡಿ ಪಕ್ಕಕ್ಕೆ ಬಂದರೆ ಬೊಗಸೆಗೆ ಕಡಾ ಪ್ರಸಾದ ಹಾಕುತ್ತಾರೆ. ಗೋಧಿ ಹಿಟ್ಟು, ತುಪ್ಪ, ಸಕ್ಕರೆಯ ಬಿಸಿ ಹಲ್ವ. ಎರಡು ಕೈಯಲ್ಲಿ ತೆಗೆದುಕೊಳ್ಳಿ, ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ.

ಕಾಣಿಕೆಯಾಗಿ ನಿಮ್ಮ ಕಡೆಯ ಅಕ್ಕಿ, ಬೇಳೆ, ಬೆಲ್ಲ ಏನಿದ್ದರೂ ಲಂಗರಿಗೆ ಕೊಡಬಹುದು. ಅದಕ್ಕಿಂತಲೂ ಒಳ್ಳೆಯದು, ನಿಮ್ಮ ಗುಂಪಿನಲ್ಲಿ ಕೈ ಗಟ್ಟಿ ಇರುವವರು ಅಡುಗೆಮನೆಗೆ ಹೋಗಿ ರೊಟ್ಟಿ ಲಟ್ಟಿಸಿ, ತಟ್ಟೆ ತೊಳೆಯಿರಿ, ಬೇಡ ಎನ್ನುವವರು ಯಾರೂ ಇಲ್ಲ. ಹೋಳಿ, ವೈಶಾಖಿ, ಗುರು ನಾನಕ ಜಯಂತಿಯ ದಿನಗಳಲ್ಲಿ ಬಹಳ ಜನ ಸೇರುತ್ತಾರೆ, ಅತ್ತೆಯವರ ಮಂಡಿ ನೋಡಿಕೊಂಡು ಬೇರೆ ದಿನ ಆರಿಸಿಕೊಳ್ಳಿ. ಝರಣಿ ನರಸಿಂಹಕ್ಕೆ ಮಾತ್ರ ಅವರನ್ನು ನೀರಿಗೆ ಇಳಿಸಬೇಡಿ, ಹೊರಗಿನಿಂದಲೇ ಕೈಮುಗಿಯಲಿ. ಜನವಾಡಕ್ಕೆ ಬೆಳಿಗ್ಗೆಯೇ ಹೊರಟುಬಿಡಿ, ಬಿಸಿಲೇರುವ ಮುಂಚೆ ಮುಗಿಸಿಕೊಂಡು ಝೀರಾದ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು.